ನಗಾರಿಯವನ ಹೆಬ್ಬೆರಳು

ದಕ್ಷಿಣ ಚೀನಾದಲ್ಲಿ, ಪರ್ಲ್ ನದಿಯ ಕವಲಿನ ಆ ಊರಲ್ಲಿ ಡ್ರ್ಯಾಗನ್ ದೋಣಿ ವರ್ಷದ ಬಹುಪಾಲು ನದಿಯ ಕೆಸರಿನಲ್ಲಿ ಹೂತು ಮಲಗಿರುತ್ತದೆ. ದೋಣಿ ಓಟದ ಹಬ್ಬಕ್ಕೆ ಒಂದು ತಿಂಗಳಿರುವಾಗ ಅದನ್ನು ಎಬ್ಬಿಸುತ್ತಾರೆ. ಆಗ ಮೊದಲ ಪೆಟ್ಟು ಊರ ನಗಾರಿಯವನಾದ ಯೂಹೋಯ್‌ನದೇ. ಈ ಸಲ ದೋಣಿ ಎದ್ದಿತು, ಯೂಹೋಯ್ ಏಳಲಿಲ್ಲ. ಬಲಗಾಲಿನ ಹೆಬ್ಬೆರಳ ಬುಡ ಊದಿ ಕೆಂಡದಂತಾಗಿತ್ತು. ಹೊದಿಕೆಯ ಅಂಚು ಸೋಕಿದರೂ ಹಲ್ಲು ಕಚ್ಚುತ್ತಿದ್ದ.

ಓಟದ ದಿನ ನಗಾರಿಯವನು ದೋಣಿಯ ನಡುವೆ ನಿಂತು, ಕುಣಿದು ಬಾರಿಸಬೇಕು. ಅಷ್ಟರೊಳಗೆ ಕಾಲು ನೆಟ್ಟಗಾಗದಿದ್ದರೆ ಅಪ್ಪನಿಂದ ಬಂದ ನಗಾರಿ ಕೋಲು ಬೇರೆ ಮನೆಗೆ ಹೋಗುತ್ತದೆಂದು ಹಿರಿಯರು ಮೆಲ್ಲಗೆ ಹೇಳಿ ಹೋದರು.

ಹೆಂಡತಿ ಸೌಕಿಂಗ್, ಕರುಣೆಯ ದೇವತೆ ಗ್ವಾನ್‌ಯಿನ್ ತಾಯಿಗೆ ಊದುಬತ್ತಿ ಹಚ್ಚಿ, ಮಣ್ಣಿನ ಮಡಕೆಯನ್ನು ಒಲೆಗೇರಿಸಿದಳು. ಕಾಲುನೋವಿಗೆ ಹಂದಿಕಾಲಿನ ಸಾರೇ ಆಗಬೇಕೆಂದು ಅತ್ತೆ ಕಲಿಸಿದ್ದಳು. ಒಣಗಿಸಿದ ಸಿಂಪಿ ಮಾಂಸವನ್ನೂ ಹಾಕಿ ದಿನವಿಡೀ ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟಲು ಬಟ್ಟಲು ಕುಡಿಸಿದಳು. ಅಕ್ಕಿಯ ಮದ್ಯ ಹಚ್ಚಿ ಬೆರಳು ನೀವಿದಳು. ಬೆಳಗಾಗುವಾಗ ಊತ ಪಾದಕ್ಕೇ ಹಬ್ಬಿತ್ತು.

ಆಗ ದಿಗಿಲುಬಿದ್ದು ಚೀನೀ ವೈದ್ಯದ ಚಿಕಿತ್ಸಾಲಯದಿಂದ ಲಾನ್‌ಳನ್ನು ಕರೆತಂದಳು. ಲಾನ್ ಅದೇ ಊರ ಮಗಳು, ಕಲಿತ ವೈದ್ಯೆ. ನಾಡಿ ಹಿಡಿದಳು, ನಾಲಿಗೆ ನೋಡಿದಳು, ಕೊನೆಗೆ ಮಡಕೆಯೊಳಗೆ ಇಣುಕಿದಳು.

"ಆ ಹಂದಿಯ ಕಾಲು ಅದಕ್ಕೇ ಉಳೀಲಿಲ್ಲ ಅತ್ತಿಗೆ, ಇನ್ನು ಅಣ್ಣನ ಕಾಲು ಉಳಿಸುತ್ತಾ?"

ಯೂಹೋಯ್ ನೋವಿನಲ್ಲೂ ನಕ್ಕ. ಸೌಕಿಂಗ್‌ಗೆ ನಗು ಬರಲಿಲ್ಲ. "ಹಾಗಾದ್ರೆ ನನ್ ಸಾರು ವಿಷ ಅಂತೀಯಾ?"

"ಬಡಕಲಾದೋರಿಗೆ ಅದು ಅಮೃತಾನೇ. ಅಣ್ಣನಿಗೆ ಬಲ ಕಮ್ಮಿಯಾಗಿಲ್ಲ. ಇದು ಗೌಟ್ ಅನ್ನೋ ಸಂಧಿವಾತದ ಹಾಗಿದೆ. ತೇವ, ಕಾವು ಎರಡೂ ಸೇರಿ ಕೀಲಿನ ದಾರಿ ಕಟ್ಟಿವೆ ಅಂತಾರೆ ನಮ್ಮ ಹಳೇ ವೈದ್ಯರು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಗಾಜಿನ ಚೂರಿನ ಹಾಗೆ ಕೀಲಲ್ಲಿ ಕೂರುತ್ತೆ ಅಂತಾರೆ ಆಸ್ಪತ್ರೆಯವ್ರು. ಯಾರ ಮಾತು ಕೇಳಿದ್ರೂ ಈಗ ಮೈಗೆ ಇನ್ನಷ್ಟು ಬಲ ತುಂಬಬಾರ್ದು, ಸೇರಿರೋದನ್ನ ಇಳಿಸ್ಬೇಕು."

ನಾಡಿ ನೋಡಿದ ಮೇಲೆ ರಕ್ತಪರೀಕ್ಷೆ ಏತಕ್ಕೆಂದು ಸೌಕಿಂಗ್ ಕೊಂಕು ತೆಗೆದಳು. ಎರಡೂ ಬೇಕು ಎಂದಳು ಲಾನ್. ಪರೀಕ್ಷೆ ಅವಳ ಮಾತನ್ನೇ ಖಚಿತಪಡಿಸಿತು. ಉರಿ ಇಳಿಯಲು ಆಸ್ಪತ್ರೆಯ ಮಾತ್ರೆ, ಜೊತೆಗೆ ಅವಳೇ ತೂಗಿಕೊಟ್ಟ ಬೇರಿನ ಕಷಾಯ. ಕಾದ ಕೀಲನ್ನು ನೀವಬಾರದು, ನೀರು ಚೆನ್ನಾಗಿ ಕುಡಿಯಬೇಕು, ಮದ್ಯ, ಸಿಂಪಿ, ಕರುಳು-ಯಕೃತ್ತು, ಮೂಳೆಸಾರು ಬೇಡ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ ಮೂತ್ರಪಿಂಡವನ್ನೇ ಕೆಡಿಸಬಹುದು, ಅದನ್ನು ಮುಟ್ಟಲೇಬಾರದು.

"ಕಷಾಯ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ನೋವು ಹೋಯ್ತು ಅಂತ ನೀವಾಗೇ ನಿಲ್ಲಿಸ್ಬೇಡಿ."

ಸೌಕಿಂಗ್ ಸಾರು ಚೆಲ್ಲಿ, ಖಾಲಿ ಮಡಕೆಯನ್ನು ಒಲೆಯಿಂದ ಕೆಳಗಿಡಹೋದಳು. ಲಾನ್ ಅವಳ ಕೈ ಹಿಡಿದು, "ಮಡಕೆ ಯಾಕೆ ಇಳಿಸ್ತೀರಿ? ಬೂದುಗುಂಬಳ ಹಾಕಿ, ಬಾರ್ಲಿಯಂಥ ಆ ಬಿಳೀ ಕಾಳು ಹಾಕಿ. ಸಾರು ನಿಮ್ದೇ," ಎಂದಳು.

ಊತ ಇಳಿಯಿತು. ಯೂಹೋಯ್ ಮೊದಲು ಹೊಸ್ತಿಲವರೆಗೆ, ಆಮೇಲೆ ನದಿಯವರೆಗೆ ನಡೆದ.

ಓಟದ ದಿನ ಸೌಕಿಂಗ್ ದಡದಲ್ಲಿ ಕೈಮುಗಿದು ನಿಂತಿದ್ದಳು. ತಿರುವಿನಾಚೆಯಿಂದ ದೋಣಿ ಕಾಣುವ ಮೊದಲೇ ನಗಾರಿ ಕೇಳಿಸಿತು. ಆ ಪೆಟ್ಟು ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬರಿಗಾಲಲ್ಲಿ ಕುಣಿಯುತ್ತಲೇ ಅವನು ಊರ ದೋಣಿಯನ್ನು ಎಲ್ಲರಿಗಿಂತ ಮುಂದೆ ತಂದ.

ಓಟ ಮುಗಿದು ಊರೆಲ್ಲ ದೋಣಿಯೂಟಕ್ಕೆ ಕೂತಾಗ ಬಿಯರ್ ಬಂತು, ಸಿಂಪಿ ಬಂತು, ಯೂಹೋಯ್ ಎರಡನ್ನೂ ಬೇಡವೆಂದ. ಹಬ್ಬದ ಪ್ರಸಾದ ಬೇಡವೆಂದರೆ ಡ್ರ್ಯಾಗನ್ ದೇವರು ಮುನಿದಾನೆಂದು ಹಿರಿಯರೊಬ್ಬರು ಗದರಿಕೊಂಡರು. ಯೂಹೋಯ್ ಅನ್ನದ ಬಟ್ಟಲನ್ನು ಕಣ್ಣಿಗೊತ್ತಿಕೊಂಡ. "ಪ್ರಸಾದ ಅಂದ್ರೆ ಈ ಅನ್ನ ತಾತ. ಕುಣಿಯೋ ಕಾಲು ಕೊಟ್ಟಿದ್ದಾನಲ್ಲ, ಅವನ್ಯಾಕೆ ಮುನೀತಾನೆ?"

ಆ ಹಿರಿಯರು ತಮ್ಮ ಊದಿದ ಹೆಬ್ಬೆರಳನ್ನು ಬೆಂಚಿನಡಿಗೆ ಸರಿಸಿಕೊಂಡು, ಬೂದುಗುಂಬಳದ ಸಾರು ಇತ್ತ ಬರಲಿ ಎಂದು ಸೌಕಿಂಗ್‌ಗೆ ಸನ್ನೆ ಮಾಡಿದರು. ಅವಳು ಬಟ್ಟಲು ತುಂಬ ಬಡಿಸಿ, "ನಾಳೆ ಲಾನ್ ಹತ್ರಾನೂ ಹೋಗಿ ಬನ್ನಿ ತಾತ," ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರದಾದರೂ ಹೆಬ್ಬೆರಳು ಕೆಂಪಗೆ ಊದಿದ್ದರೆ ದೇವರಿಗೆ ದೀಪ ಹಚ್ಚಿ, ಹಾಗೇ ರಕ್ತಪರೀಕ್ಷೆಗೂ ಕರೆದೊಯ್ಯಿರಿ. ಬೇರಿನ ಮದ್ದಾದರೂ ಕಲಿತ ವೈದ್ಯರ ಕೈಯಿಂದಲೇ ಬರಲಿ, ನುಂಗುತ್ತಿರುವ ಮಾತ್ರೆಯ ವಿಷಯವನ್ನು ಅವರಿಂದ ಮುಚ್ಚಿಡಬೇಡಿ. ಒಲೆಯ ಮೇಲೆ ಕುದಿಯುತ್ತಿರುವುದೇನೆಂದು ಇಂದೇ ಒಮ್ಮೆ ಇಣುಕಿ ನೋಡಿ.