ಮೂರು ಗೆರೆಯ ಕಲ್ಲು

ನಮ್ಮ ಮನೆಯ ತುಳಸಿಕಟ್ಟೆ ಕಟ್ಟಿದವಳು ನಾನೇ. ನನ್ನ ಗಂಡ ಪ್ರಶಾಂತನಿಗೆ ಗೋಡೆಗೊಂದು ಮೊಳೆ ಹೊಡೆಯಲಿಕ್ಕೂ ಯೂಟ್ಯೂಬ್ ಬೇಕು. ಅವನನ್ನು ನಂಬಿ ಕೂತಿದ್ದರೆ ತುಳಸಿ ಪ್ಲಾಸ್ಟಿಕ್ ಕುಂಡದಲ್ಲೇ ಮುದುಕಿಯಾಗುತ್ತಿತ್ತು. 2021ರ ಏಪ್ರಿಲ್ ಅದು. ಅಮೆರಿಕದ ಶಾರ್ಲೆಟ್‌ನಿಂದ ಕಾಂಕರ್ಡ್‌ಗೆ ಹೋಗುವ ದಾರಿಯಲ್ಲಿ ಹೊಸ ಮನೆ ಕೊಂಡು, ಬಂದು ಸೇರಿ ತಿಂಗಳಾಗಿತ್ತು. ಬಡಾವಣೆಯ ಹೆಸರು ಡೀಟರ್ಲಿಂಗ್ ಮಿಲ್. ನಮ್ಮ ಹಿತ್ತಲ ಬೇಲಿಯಿಂದಾಚೆ ಬಿಲ್ಡರ್ ಇನ್ನೂ ಮುಟ್ಟಿರದ ಕಾಡು.

ಆ ಕಾಡಿನಲ್ಲಿ ಒಂದು ಓಕ್ ಮರದ ಬುಡದಲ್ಲಿ, ನೀಲಿ ಹೂವಿನ ಬಳ್ಳಿಯ ನಡುವೆ, ಮೊಣಕಾಲೆತ್ತರವೂ ಇಲ್ಲದ ಐದು ಕಾಡುಗಲ್ಲುಗಳು ನಿಂತಿದ್ದವು. ಹೆಸರಿಲ್ಲ, ಅಕ್ಷರವಿಲ್ಲ. ಹಳೆಯ ಗಿರಣಿಯದ್ದೇನೋ ಇರಬೇಕು ಅಂದುಕೊಂಡು ಐದನ್ನೂ ಅಗೆದು ತಳ್ಳುಗಾಡಿಯಲ್ಲಿ ಮನೆಗೆ ತಂದೆ. ಹೊಂಡಗಳನ್ನು ಮುಚ್ಚಿ, ತುಳಿದು ಸಮ ಮಾಡಿ, ಮೇಲೆ ತರಗೆಲೆ ಎಳೆದೆ. ಅಚ್ಚುಕಟ್ಟು ನನ್ನ ಹುಟ್ಟುಗುಣ. ಮನೆಗೆ ಬಂದು ಮಣ್ಣು ತೊಳೆದಾಗ ಒಂದು ಕಲ್ಲಿನ ಬುಡದಲ್ಲಿ ಅಡ್ಡಡ್ಡ ಮೂರು ಗೆರೆ ಕಾಣಿಸಿತು, ಒಂದರ ಕೆಳಗೊಂದು, ಥೇಟ್ ವಿಭೂತಿ. ನನಗೆ ಮೈ ಜುಮ್ಮೆಂದಿತು. ಏಳು ಸಮುದ್ರ ದಾಟಿದರೂ ಶಿವ ನನ್ನನ್ನು ಹುಡುಕಿಕೊಂಡು ಬಂದ ಎಂದು ಮೈಸೂರಿನಲ್ಲಿದ್ದ ಅಮ್ಮನಿಗೆ ಫೋಟೋ ಕಳಿಸಿದೆ. ಕಲ್ಲನ್ನು ತಲೆಕೆಳಗು ಮಾಡಿ, ಗೆರೆಗಳು ಎದುರಿಗೆ ಕಾಣುವಂತೆ ಕಟ್ಟೆಯ ಮುಂಭಾಗದಲ್ಲಿ ಕೂರಿಸಿ ಕುಂಕುಮವಿಟ್ಟೆ. ಅಂದಿನಿಂದ ದಿನವೂ ನೀರು, ಹೂವು, ದೀಪ.

ಮುಂದಿನ ವರ್ಷ ಮಗಳು ಶ್ರಾವಣಿ ಎಂಟನೇ ಕ್ಲಾಸಿಗೆ ಹೋದಳು. ನೀವಿರುವ ಊರಿಗೋ ರಸ್ತೆಗೋ ಯಾರ ಹೆಸರಿದೆಯೋ ಅವರ ವಂಶವೃಕ್ಷ ಹುಡುಕಿ ತನ್ನಿ ಎಂದು ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು. ಎರಡೇ ದಿನಕ್ಕೆ ಅವಳಿಗೆ ಬೇಜಾರಾಯಿತು, ನನಗೆ ಹುಚ್ಚು ಹಿಡಿಯಿತು. ಬ್ಯಾಲಂಟೈನ್‌ನ ಬ್ಯಾಂಕಿನಲ್ಲಿ ನನ್ನ ಕೆಲಸವೇ ಅದು: ಎರಡು ದಾಖಲೆಗಳಲ್ಲಿರುವ ಇಬ್ಬರು ನಿಜಕ್ಕೂ ಒಬ್ಬರೇನಾ ಎಂದು ಪತ್ತೆ ಮಾಡುವುದು. ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ.

ಹೈನ್ರಿಖ್ ಡೀಟರ್ಲಿಂಗ್ ಸಿಕ್ಕಿದ. 1749ರಲ್ಲಿ ಜರ್ಮನಿ ಬಿಟ್ಟು ಹಡಗಿನಲ್ಲಿ ಫಿಲಡೆಲ್ಫಿಯಾಗೆ ಬಂದಿಳಿದವನು. ಸಹಿ ಮಾಡಲು ಬಾರದೆ ಇಂಗ್ಲೆಂಡಿನ ರಾಜನಿಗೆ ನಿಷ್ಠನಾಗಿರುವೆನೆಂಬ ಪತ್ರದ ಮೇಲೆ ಒಂದು ಗುರುತು ಹಾಕಿದ್ದ. ಎತ್ತಿನ ಗಾಡಿಯಲ್ಲಿ ದಕ್ಷಿಣಕ್ಕಿಳಿದು, ಈ ಹಳ್ಳದ ಪಕ್ಕ ಜಮೀನು ಮಾಡಿ, ಗಿರಣಿ ಹಾಕಿದ. ಇಬ್ಬರು ಹೆಂಡಿರು, ಏಳು ಮಕ್ಕಳು. ಗತಿಯಿಲ್ಲದೆ ಬಂದು ನೆಲೆ ಕಂಡವನ ಮೇಲೆ ನನಗೆ ಅಭಿಮಾನವೇ ಹುಟ್ಟಿತು, ನಮ್ಮ ಹಾಗೇ ಅಲ್ಲವೇ ಅನ್ನಿಸಿತು. 1790ರ ಅವನ ಉಯಿಲನ್ನೂ ಓದಿ ಟೈಪ್ ಮಾಡಿದೆ. ತಾಮ್ರದ ಹಂಡೆಗೂ ಕಂದು ಕುದುರೆಗೂ ನಡುವೆ ಒಂದು ಸಾಲಿತ್ತು: ಹಾನಾ ಎಂಬ ಹೆಂಗಸು, ಅವಳ ಮಗು ಲಿಸ್. ಅದನ್ನು ‘ಆಸ್ತಿ’ ಎಂಬ ಕಾಲಮ್ಮಿಗೆ ಹಾಕಿ ಮುಂದಿನ ಸಾಲಿಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ, ನಾನು ಹಾಗೇ ಮಾಡಿದೆ.

ವಂಶವೃಕ್ಷವನ್ನು ಒಂದು ವೆಬ್‌ಸೈಟಿಗೆ ಹಾಕಿದ ವಾರದಲ್ಲೇ ಒಂದು ಪತ್ರ ಬಂತು. ‘ನಿಮ್ಮ ಪಟ್ಟಿಯಲ್ಲಿ ಮಕ್ಕಳು ಏಳು ಎಂದಿದೆ. ಎಂಟು. ದಯವಿಟ್ಟು ತಿದ್ದಿ.’ ಬರೆದವರು ಅರ್ನೆಸ್ಟೀನ್ ಡೀಟರ್ಲಿಂಗ್, ಸಾಲ್ಸ್‌ಬರಿಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ವಯಸ್ಸು ಎಂಬತ್ತೊಂದು. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಇವರ್ಯಾರು ಅಂತ ಮೂಗು ಮುರಿದೆ. ಆದರೂ ಮನೆಗೆ ಕರೆದೆ.

ಅಕ್ಟೋಬರಿನ ಒಂದು ಭಾನುವಾರ ಅವರು ಊರುಗೋಲು ಹಿಡಿದು ಬಂದರು. ಎತ್ತರದ ಕಪ್ಪು ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಕಾಲರು. ಬಿಳಿಯರೊಬ್ಬರು ಬರುತ್ತಾರೆಂದು ಕಾದಿದ್ದ ನಾನು ಒಂದು ಗಳಿಗೆ ಬಾಗಿಲಲ್ಲೇ ನಿಂತುಬಿಟ್ಟೆ. ಅವರಿಗೆ ಅದು ತಿಳಿಯಿತು, ಆದರೂ ನಕ್ಕರು. ಅಡುಗೆಮನೆಯ ಮೇಜಿನ ಬಳಿ ಕೂರಿಸಿ ಚಹಾ, ಚಕ್ಕುಲಿ ಕೊಟ್ಟೆ.

ಹಾನಾಳ ಮಗು ಲಿಸ್ ಹೈನ್ರಿಖ್‌ನದ್ದೇ ಎಂದು ಅವರು ಹೇಳಿದರು. ಕೈಯಲ್ಲಿ ಕಾಗದಗಳಿದ್ದವು, ಎಂಜಲು ಕೊಟ್ಟು ಮಾಡಿಸಿದ ಡಿಎನ್ಎ ಪರೀಕ್ಷೆಯೂ ಬಿಳಿ ಡೀಟರ್ಲಿಂಗ್‌ಗಳ ಜೊತೆ ಹೊಂದಿತ್ತು. ತಂದೆ ಸತ್ತ ಮೇಲೆ ಅಣ್ಣನೇ ಲಿಸ್‌ಗೆ ಯಜಮಾನನಾದ. ಅವಳ ಮೂರು ಮಕ್ಕಳನ್ನು ಅವನು ಒಂದೇ ದಿನ ಜಾರ್ಜಿಯಾದ ಕಡೆಗೆ ಮಾರಿದ. ಆಮೇಲೆ ಹುಟ್ಟಿದ ನಾಲ್ಕನೆಯದು ಉಳಿಯಿತು, ಮಿಸ್ ಅರ್ನೆಸ್ಟೀನ್ ಅದರ ಪೀಳಿಗೆ. ಹೋದ ಮಕ್ಕಳಿಗಾಗಿ ಲಿಸ್ ಒಂದು ಕಲ್ಲಿನ ಮೇಲೆ ಮೊಳೆಯಿಂದ ಮೂರು ಗೆರೆ ಕೊರೆದಳಂತೆ. ತಾನು ಸತ್ತ ಮೇಲೆ ಅದನ್ನೇ ತಲೆಯ ಬಳಿ ನೆಡಿ, ಯಜಮಾನನ ಕಣ್ಣಿಗೆ ಬೀಳದಂತೆ ಗೆರೆಗಳು ಮಣ್ಣೊಳಗಿರಲಿ ಎಂದಿದ್ದಳಂತೆ. ಆ ಕಾಡಿನಲ್ಲಿ ಗೋಡೆ ಕಟ್ಟಿದ ಸ್ಮಶಾನದೊಳಗಿದ್ದ ಬಿಳಿಯರ ಗೋರಿಗಳನ್ನು ಎಂದೋ ಚರ್ಚಿಗೆ ಸಾಗಿಸಿದ್ದರು. ಗೋಡೆಯ ಹೊರಗೆ, ಒಂದು ಓಕ್ ಮರದ ಬುಡದಲ್ಲಿದ್ದ ಗುಲಾಮರ ಗೋರಿಗಳು ಅಲ್ಲೇ ಉಳಿದವು.

"ಮುಂದಿನ ತಿಂಗಳು ನಿಮ್ಮ ಹಿಂದಿನ ಕಾಡು ಕಡಿಯುತ್ತಾರೆ," ಎಂದರು. "ಗುರುವಾರ ಸರ್ಕಾರದವರನ್ನು ಕರೆದುಕೊಂಡು ಬರುತ್ತೇನೆ. ನೆಟ್ಟ ಜಾಗದಲ್ಲಿ ಒಂದೇ ಒಂದು ಕಲ್ಲು ನಿಂತಿದ್ದರೂ ಸಾಕಂತೆ, ಕೆಲಸ ನಿಲ್ಲಿಸಿ ಅಗೆದು ನೋಡುತ್ತಾರೆ. ನನಗೆ ಇನ್ನೇನೂ ಬೇಡ. ಅವಳು ಎಲ್ಲಿದ್ದಾಳೆ ಅಂತ ಗೊತ್ತಾದರೆ ಸಾಕು."

ಅವರ ಬೆನ್ನ ಹಿಂದೆ ಕಿಟಕಿ. ಕಿಟಕಿಯಾಚೆ ಹತ್ತು ಹೆಜ್ಜೆಯಲ್ಲಿ ತುಳಸಿಕಟ್ಟೆ. ನಾನು ಎದ್ದು ಹೋಗಿ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಹೇಳಿ ಪರದೆ ಎಳೆದೆ. ಉಳಿದ ಚಕ್ಕುಲಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಕೊಟ್ಟು ಕಳಿಸಿದೆ.

ಪ್ರಶಾಂತನಿಗೆ ಹೇಳಿದೆ.

"ಕಾತ್ಯಾ, ಗೋರಿ ಕಲ್ಲು ಕೀಳೋದು ಇಲ್ಲಿ ಕ್ರೈಮ್ ಕಣೆ. ಗ್ರೀನ್ ಕಾರ್ಡ್ ಪ್ರೊಸೆಸ್ ಆಗ್ತಿರೋವಾಗ ಇದೆಲ್ಲಾ ಬೇಕಾ? ಸುಮ್ನೆ ಇದ್ಬಿಡು, ಪ್ಲೀಸ್."

ಅವನ ತಲೆಗೆ ಕಟ್ಟುವುದು ಸುಲಭ. ಆದರೆ ಪರದೆ ಎಳೆದಾಗಲೇ ನಾನು ತೀರ್ಮಾನ ಮಾಡಿ ಆಗಿತ್ತು. ನನಗೆ ಹೆದರಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

ಗುರುವಾರ ಆಫೀಸಿಗೆ ರಜೆ ಹಾಕಿ ಮೇಲಿನ ಕಿಟಕಿಯಲ್ಲಿ ನಿಂತು ನೋಡಿದೆ. ಮಿಸ್ ಅರ್ನೆಸ್ಟೀನ್ ಮತ್ತು ಒಬ್ಬ ಅಧಿಕಾರಿ. ಆ ಕಾಡಿನಲ್ಲಿ ಮೂವತ್ತಾದರೂ ಓಕ್ ಮರಗಳಿದ್ದವು. ಅವರು ಒಂದೊಂದರ ಬುಡಕ್ಕೂ ಹೋಗಿ ಊರುಗೋಲಿನಿಂದ ತರಗೆಲೆ ಸರಿಸಿ ನೋಡಿದರು. ಸರಿಯಾದ ಮರದ ಬಳಿಗೂ ಬಂದರು, ನೋಡಿ ಮುಂದೆ ಹೋದರು. ನಾನು ಅಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದೆ. ಇಳಿದು ಹೋಗಿ ಕೈ ತೋರಿಸಲು ಎರಡು ನಿಮಿಷ ಸಾಕಿತ್ತು. ಒಂದೂವರೆ ಗಂಟೆ ನಿಂತಿದ್ದೆ. ಅಧಿಕಾರಿ ಗಡಿಯಾರ ನೋಡಿ ಏನೋ ಬರೆದುಕೊಂಡ. ಇಬ್ಬರೂ ಹೊರಟುಹೋದರು.

ನವೆಂಬರಿನಲ್ಲಿ ಯಂತ್ರಗಳು ಬಂದವು. ನಾಲ್ಕು ದಿನದಲ್ಲಿ ಒಂದು ಮರವೂ ಉಳಿಯಲಿಲ್ಲ, ಮಣ್ಣಿನ ದಿಬ್ಬಗಳನ್ನೂ ಸಮ ಮಾಡಿದರು. ನಾನು ತುಳಸಿಗೆ ದೀಪ ಹಚ್ಚುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಶ್ರಾವಣಿ ಯಾಕೆ ಅಂತ ಕೇಳುತ್ತಾಳಲ್ಲ.

ಮಾರ್ಚಿನ ಒಂದು ಶನಿವಾರ ನಾನು ಮೇಲೆ ಅಮ್ಮನ ಜೊತೆ ಫೋನಿನಲ್ಲಿದ್ದೆ. ಕೆಳಗಿಳಿದು ಬಂದರೆ ಮೇಜಿನ ಮೇಲೆ ನನ್ನ ಸ್ಟೀಲ್ ಡಬ್ಬಿ, ಅದರೊಳಗೆ ಮನೆಯಲ್ಲಿ ಮಾಡಿದ ಕೇಕು. ಡಬ್ಬಿಯನ್ನು ಖಾಲಿ ಕೊಡಬಾರದೆಂಬುದು ಮಿಸ್ ಅರ್ನೆಸ್ಟೀನ್ ಕಡೆಯವರಲ್ಲೂ ಇತ್ತು. ಹಿಂಬಾಗಿಲು ತೆರೆದಿತ್ತು. ನಮ್ಮ ತುಳಸಿ ತೋರಿಸುತ್ತೇನೆ ಬನ್ನಿ ಎಂದು ಶ್ರಾವಣಿ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿದ್ದಳು.

ಅವರು ಕಟ್ಟೆಯ ಮುಂದೆ ನೆಲದ ಮೇಲೆ ಮಂಡಿಯೂರಿದ್ದರು. ಊರುಗೋಲು ಹುಲ್ಲಿನ ಮೇಲೆ ಬಿದ್ದಿತ್ತು. ಬೆರಳುಗಳು ಆ ಮೂರು ಗೆರೆಗಳ ಮೇಲಿದ್ದವು, ತುದಿಗೆ ಕುಂಕುಮ ಹತ್ತಿತ್ತು. ತಲೆ ಎತ್ತದೆ, ಇದು ಇಲ್ಲಿ ಎಷ್ಟು ದಿನದಿಂದ ಇದೆ ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀವು ಮೊದಲ ಸಲ ಬಂದಾಗಲೂ ಇಲ್ಲೇ ಇತ್ತು," ಎಂದೆ.

"ಅಮ್ಮ," ಎಂದಳು ಶ್ರಾವಣಿ. "ನಿಂಗೆ ಗೊತ್ತಿತ್ತಾ? ಯು ನ್ಯೂ?"

ದಿನಾ ಪೂಜೆ ಮಾಡುತ್ತೇನೆ, ದೀಪ ಹಚ್ಚುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ ಎಂದೇನೇನೋ ಮಿಸ್ ಅರ್ನೆಸ್ಟೀನ್‌ಗೆ ಹೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅವಳಿಗೆ ಪೂಜೆ ಬೇಕಿರಲಿಲ್ಲ," ಎಂದರು. "ಅವಳ ಪಾಡಿಗೆ ಅವಳನ್ನು ಬಿಟ್ಟಿದ್ದರೆ ಸಾಕಿತ್ತು."

ಪೊಲೀಸರನ್ನು ಕರೆಯುತ್ತಾರೇನೋ ಎಂದು ಆ ಹೊತ್ತಿನಲ್ಲೂ ಹೆದರಿದೆ, ನನ್ನ ಯೋಗ್ಯತೆ ಅಷ್ಟೇ. ಅವರು ಕರೆಯಲಿಲ್ಲ. ಶ್ರಾವಣಿಯ ಭುಜ ಹಿಡಿದು ಎದ್ದು ಬೇಲಿಯವರೆಗೆ ನಡೆದರು. ಎಲ್ಲಿ ನಿಂತಿತ್ತು ತೋರಿಸು ಎಂದು ನನಗೆ ಹೇಳಿದರು.

ಬೇಲಿಯಾಚೆ ನೋಡಿದೆ. ಮೂರು ಮನೆಗಳಿಗೆ ಕಾಂಕ್ರೀಟ್ ಹಾಕಿ ಆಗಿತ್ತು, ಮರದ ಚೌಕಟ್ಟುಗಳು ಎದ್ದಿದ್ದವು. ಓಕ್ ಇಲ್ಲ, ನೀಲಿ ಹೂವಿಲ್ಲ, ದಿಬ್ಬವಿಲ್ಲ. ಅಕ್ಟೋಬರಿನಲ್ಲಾಗಿದ್ದರೆ ಕಣ್ಣು ಮುಚ್ಚಿಕೊಂಡು ಹೋಗಿ ನಿಲ್ಲುತ್ತಿದ್ದೆ. ಈಗ ನನಗೆ ದಿಕ್ಕೇ ತೋಚಲಿಲ್ಲ. ಗೊತ್ತಿಲ್ಲ ಎಂದು ಹೇಳಬೇಕಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಲ್ಲಿ," ಎಂದೆ. ನಡುವಿನ ಮನೆಯ ಪಕ್ಕ, ಕಾಂಕ್ರೀಟ್ ಬೀಳದ ಒಂದು ಚೂರು ಜಾಗಕ್ಕೆ ಬೆರಳು ತೋರಿಸಿದೆ.

"ಖಂಡಿತವಾಗಿ?"

"ಖಂಡಿತ."

ಅವರು ಆ ಕಡೆ ತಿರುಗಿ, ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸುವಂತೆ ಲಿಸ್ ಎಂದು ಕರೆದರು. ಆಮೇಲೆ ಕಲ್ಲನ್ನು ಬಿಡಿಸಿ ಕೊಡಲು ಹೇಳಿದರು. ನಾನೂ ಶ್ರಾವಣಿಯೂ ಅದನ್ನು ಹೊತ್ತು ಅವರ ಕಾರಿನ ಮುಂದಿನ ಸೀಟಿನಲ್ಲಿಟ್ಟೆವು. ಅವರು ಅದಕ್ಕೆ ಬೆಲ್ಟ್ ಹಾಕಿದರು.

ಈಗ ನಡುವಿನ ಮನೆಯಲ್ಲಿ ಯಾರೋ ವಾಸವಾಗಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಮಿಸ್ ಅರ್ನೆಸ್ಟೀನ್ ಆ ಮನೆಯವರ ಅನುಮತಿ ಕೇಳಿ, ಗ್ಯಾರೇಜಿನ ಪಕ್ಕದ ಆ ಹುಲ್ಲಿನ ಮೇಲೆ ಮಡಿಸುವ ಕುರ್ಚಿ ಹಾಕಿ ಕೂರುತ್ತಾರೆ. ಹೂವಿಡುತ್ತಾರೆ. ತುಟಿ ಅಲುಗುತ್ತಿರುತ್ತದೆ. ನಾನು ಮೇಲಿನ ಕಿಟಕಿಯಿಂದ ನೋಡುತ್ತೇನೆ.

ಮೊದಲ ಸಲ ಅವರು ಹಾಗೆ ಕೂತಿದ್ದಾಗ ಶ್ರಾವಣಿ ನನ್ನ ಪಕ್ಕ ಬಂದು ನಿಂತು, "ಅಮ್ಮ, ಅದು ನಿಜವಾಗ್ಲೂ ಅಲ್ಲೇ ಇತ್ತಾ?" ಎಂದು ಕೇಳಿದಳು. ಹೌದು ಎಂದೆ. ಅಲ್ಲಿಂದೀಚೆಗೆ ಅವಳು ನನ್ನನ್ನು ಏನನ್ನೂ ಕೇಳುವುದಿಲ್ಲ.