ಕತ್ತರಿ ಬಿದ್ದ ಮಡಿಲಕ್ಕಿ

ಸಿನಿಮಾದಲ್ಲಿ ಅಳುವ ತಾಯಿ ಬೇಕೆಂದರೆ ಹಲಸೂರಿನ ಯಶೋದಮ್ಮನಿಗೆ ಫೋನು ಬರುತ್ತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವ ದೃಶ್ಯವಾದರಂತೂ ಬೇರೆಯವರ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಎಷ್ಟು ಜನ ನಾಯಕಿಯರ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದ್ದಳೋ ಅವಳಿಗೇ ನೆನಪಿಲ್ಲ. ತುಂಬದೆ ಬಿಟ್ಟದ್ದು ಹೆತ್ತ ಮಗಳು ಭಾಗ್ಯಲಕ್ಷ್ಮಿಯ ಮಡಿಲನ್ನು ಮಾತ್ರ.

ಭಾಗ್ಯ ಶಿವಾಜಿನಗರದ ಹಸನ್‌ನನ್ನು ರಿಜಿಸ್ಟರ್ ಮದುವೆಯಾಗಿ, ಕೊರಳ ಹಾರವನ್ನೂ ತೆಗೆಯದೆ, ತಾಯಿಯ ಆಶೀರ್ವಾದಕ್ಕೆಂದು ನೇರ ಬಾಗಿಲಿಗೆ ಬಂದಿದ್ದಳು. "ನನ್ ಪಾಲಿಗೆ ನೀನು ಸತ್ತೆ" ಎಂದು ಯಶೋದಮ್ಮ ಬಾಗಿಲು ಹಾಕಿಕೊಂಡಳು. ಬೀದಿಯವರು ಭೇಷ್ ಎಂದರು. ಭೇಷ್ ಎಂದವರೆಲ್ಲ ಅವರವರ ಮನೆಗೆ ಹೋಗಿ ಉಂಡು ಮಲಗಿದರು. ಇವಳಿಗೆ ಮಾತ್ರ ಅಂದಿನಿಂದ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ವರ್ಷಗಳು ಉರುಳಿದರೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬರೆದುಕೊಟ್ಟ ಮಾತನ್ನೇ ಆಡಿ ರೂಢಿಯಾದವಳಿಗೆ ಸ್ವಂತದ್ದು ಸುಲಭಕ್ಕೆ ಹೊರಡುವುದಿಲ್ಲ.

ಆಗ ಪ್ರೇಮ್‌ಕುಮಾರ್ ಎಂಬ ಹೊಸ ನಿರ್ದೇಶಕ ಒಂದು ಕತೆ ಹಿಡಿದು ಬಂದ. ಹಿಂದೂ ಹುಡುಗಿ, ಮುಸ್ಲಿಂ ಹುಡುಗ. ಹುಡುಗಿಯ ತಾಯಿ ಮೊದಲು ಬಾಗಿಲು ಹಾಕುತ್ತಾಳೆ, ಕೊನೆಗೆ ಮಗಳನ್ನು ಒಳಗೆ ಕರೆದು ಮಡಿಲು ತುಂಬುತ್ತಾಳೆ. ಯಶೋದಮ್ಮನಿಗೆ ದೇವರೇ ದಾರಿ ತೋರಿಸಿದಂತಾಯಿತು. ಬಾಗಿಲು ಹಾಕುವ ದೃಶ್ಯದಲ್ಲಿ ಬರೆದ ಮಾತನ್ನು ಬಿಟ್ಟು, ಅಂದು ತಾನು ಆಡಿದ್ದನ್ನೇ ಆಡಿದಳು. ಮಡಿಲು ತುಂಬುವಾಗ ಕಣ್ಣೀರಿಗೆ ಗ್ಲಿಸರಿನ್ ಬೇಡವೆಂದಳು. ಬಾಯಲ್ಲಿ ಹೇಳಲಾರದ್ದನ್ನು ಮಗಳು ತೆರೆಯ ಮೇಲೆ ನೋಡಿ ತಿಳಿದುಕೊಳ್ಳಲಿ ಎಂಬುದೇ ಅವಳ ಆಸೆ. ಮೊದಲ ಆಟಕ್ಕೆ ಗಂಡನ ಜೊತೆ ಬಾ ಎಂದು ಪ್ರೇಮ್‌ಕುಮಾರನ ಮೂಲಕ ಹೇಳಿಕಳಿಸಿದಳು. ಭಾಗ್ಯ ಬರುತ್ತೇನೆಂದಾಗ ಈ ಮುದುಕಿ ಮದುವಣಗಿತ್ತಿಯ ಹಾಗೆ ಓಡಾಡಿದಳು.

ಬಿಡುಗಡೆಯ ಹಿಂದಿನ ದಿನ ಬೆಳಗ್ಗೆ ಪ್ರೇಮ್‌ಕುಮಾರನ ಫೋನು ಬಂತು.

"ಯಶೋದಮ್ಮಾ, ಸೆನ್ಸಾರ್‌ನವ್ರು ಮಡ್ಲಕ್ಕಿ ಸೀನ್ ತೆಗೆಸಿಬಿಟ್ರು. ನಮ್ಮ ಶಾಸ್ತ್ರಾನ ಅಂಥ ಮದ್ವೇಲಿ ತೋರಿಸಿದ್ರೆ ಜನರ ಭಾವನೆಗೆ ಧಕ್ಕೆ ಆಗತ್ತಂತೆ. ಒಪ್ದೇ ಇದ್ರೆ ಪಿಕ್ಚರೇ ಇಲ್ಲ."

"ಬಾಗ್ಲು ಹಾಕೋದು?"

"ಅದಕ್ಕೇನೂ ಅಂದಿಲ್ಲ. ಅದು ಇರತ್ತೆ."

ಮಗಳನ್ನು ಹೊರಗೆ ಹಾಕಿದರೆ ಯಾರ ಭಾವನೆಗೂ ಏನೂ ಆಗುವುದಿಲ್ಲ, ಹರಸಿದರೆ ಧಕ್ಕೆಯಾಗುತ್ತದೆ! ಅದೆಂಥ ನಾಜೂಕು ಭಾವನೆಯೋ. ನಾಳೆ ಭಾಗ್ಯ ಗಂಡನ ಪಕ್ಕ ಕೂತು, ಅದೇ ತಾಯಿ ಅದೇ ಮಾತಾಡಿ ಬಾಗಿಲು ಹಾಕುವುದನ್ನು ನೋಡುತ್ತಾಳೆ. ಇದನ್ನು ತೋರಿಸಲಿಕ್ಕೇ ಕರೆಸಿದಳೆಂದುಕೊಳ್ಳುತ್ತಾಳೆ. ಆಮೇಲೆ ಈ ಜನ್ಮದಲ್ಲಿ ಮಗಳ ಮುಖ ನೋಡುವ ಹಾಗಿಲ್ಲ. ಯಶೋದಮ್ಮ ಉಟ್ಟ ಸೀರೆಯಲ್ಲೇ ಚಪ್ಪಲಿ ಮೆಟ್ಟಿ ಸಿಕ್ಕ ಆಟೋ ಹತ್ತಿದಳು.

ಶಿವಾಜಿನಗರದ ಮನೆಯಲ್ಲಿ ಭಾಗ್ಯ ಅತ್ತೆ ಫಹ್ಮಿದಾಳ ಜೊತೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಹೊಸ್ತಿಲಲ್ಲಿ ತಾಯಿಯನ್ನು ಕಂಡು ಎದ್ದು ನಿಂತಳು.

"ನಾಳೆ ಪಿಕ್ಚರ್‌ಗೆ ಬರ್ಬೇಡ ಕಣೇ" ಎಂದಳು ಯಶೋದಮ್ಮ ಏದುಸಿರು ಬಿಡುತ್ತ.

"ಕರೆದೋಳೂ ನೀನೇ, ಬೇಡ ಅನ್ನೋಳೂ ನೀನೇನಾ?"

"ಕತ್ತರಿಸಿಬಿಟ್ರು. ನಿನ್ನ ಆಚೆ ಹಾಕಿದ್ದು ಮಾತ್ರ ಉಳಿದಿದೆ, ಒಳಗೆ ಕರ್ದಿದ್ದು ಹೋಯ್ತು. ಮಡ್ಲು ತುಂಬಿದ್ದೆ ಕಣೇ. ಆ ಹೀರೋಯಿನ್‌ಗಲ್ಲ, ನಿಂಗೆ." ಅಷ್ಟು ವರ್ಷ ಸಿಕ್ಕಿಕೊಂಡಿದ್ದ ಮಾತು ಆಗ ತಾನಾಗಿ ಹೊರಬಂತು. "ತಪ್ಪಾಯ್ತು ಭಾಗ್ಯ. ನಂದೇ ತಪ್ಪು."

ಭಾಗ್ಯಳ ಕಣ್ಣು ತುಂಬಿತು. ಫಹ್ಮಿದಾ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ, ಬಿರಿಯಾನಿಗೆಂದು ಇಟ್ಟಿದ್ದ ಒಳ್ಳೆಯ ಅಕ್ಕಿಯನ್ನು ತಟ್ಟೆಯಲ್ಲಿ ತುಂಬಿ ತಂದಳು. "ಬೆಲ್ಲ ಇದೆ. ಕೊಬ್ಬರಿ ಇಲ್ಲಮ್ಮಾ, ಖರ್ಜೂರ ಆಗ್ತದಾ?" ಎಂದಳು. ಆಗ್ತದೆ ಎಂದು ಯಶೋದಮ್ಮ ತಲೆಯಾಡಿಸಿ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡಳು. ಭಾಗ್ಯ ದುಪಟ್ಟಾ ಒಡ್ಡಲಿಲ್ಲ.

"ಇಲ್ಲಿ ಬೇಡ."

ಯಶೋದಮ್ಮ ಬೊಗಸೆಯ ಅಕ್ಕಿಯನ್ನು ಮತ್ತೆ ತಟ್ಟೆಗೆ ಸುರಿದಳು.

"ಮಡ್ಲು ತುಂಬೋದು ತವರುಮನೇಲಿ ಕಣಮ್ಮ. ತುಂಬಿ ಗಂಡನ ಮನೆಗೆ ಕಳಿಸ್ತಾರೆ. ಗಂಡನ ಮನೇಲೇ ತುಂಬಿ ನನ್ನ ಎಲ್ಲಿಗ್ ಕಳಿಸ್ತೀಯಾ? ಅಷ್ಟು ಪಿಕ್ಚರ್‌ನಲ್ಲಿ ಮಾಡಿ ಇಷ್ಟೂ ಗೊತ್ತಾಗ್ಲಿಲ್ವಾ?" ಎಂದು ಭಾಗ್ಯ ಅಳುತ್ತಲೇ ನಕ್ಕಳು. "ನಡಿ, ಹಲಸೂರಿಗೆ ಹೋಗೋಣ. ಬೀದಿಯೋರೆಲ್ಲ ನೋಡ್ತಾರೆ, ಪರ್ವಾಗಿಲ್ವಾ?"

"ನೋಡ್ಲಿ. ನಮ್ ಬೀದಿಗೆ ಸೆನ್ಸಾರ್ ಇಲ್ಲ."

ಫಹ್ಮಿದಾ ಅಕ್ಕಿಯನ್ನು ಚೀಲಕ್ಕೆ ಸುರಿದು ಗಂಟು ಹಾಕಿ ಯಶೋದಮ್ಮನ ಕೈಗಿತ್ತಳು. "ನೀವು ಶಾಸ್ತ್ರ ಮುಗಿಸಿ. ಸಂಜೆ ನಾನೂ ಹಸನೂ ಬಂದು ಸೊಸೇನ ಕರ್ಕೊಂಡ್ ಬರ್ತೀವಿ. ಕಳಿಸ್ತೀರಲ್ವಾ?"

ಕಳಿಸಿಕೊಡುವ ದೃಶ್ಯಗಳಲ್ಲಿ ಪಳಗಿದ ಯಶೋದಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವತ್ತೇ ಬೇಡ ಬೀಗ್ರೇ" ಎಂದಳು. "ಇನ್ನೆರಡು ದಿನ ನನ್ ಹತ್ರಾನೇ ಇರ್ಲಿ."