ಮಾಣಿಕಬಾಯಿಯ ಏಳು ನೇಮ

ಐದು ತಿಂಗಳ ಬಸುರಿ ಬ್ರಾಹ್ಮಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬಸುರಿಯರಿಗೆಲ್ಲ ಹೀಗೇ ಎಂದು ಬುಧಗಾಂವದ ಹೆಂಗಸರು ಸಮಾಧಾನ ಹೇಳಿದ್ದರು. ಹೃದಯದ ಡಾಕ್ಟರು ಅನುಜಾ ಮಾತ್ರ ಹಾಗೆ ಸುಮ್ಮನಾಗುವವರಲ್ಲ. ಸಾಂಗ್ಲಿ–ಮಿರಜ ರಸ್ತೆಯಲ್ಲಿ, ಮೊನ್ನೆ ಮೊನ್ನೆಯವರೆಗೆ ಕಬ್ಬಿದ್ದ ಹೊಲದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ ಕೂತು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸಣ್ಣಾಕಿ ಇದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು ಅಂದ್ರಿ. ಆವಾಗ ಕೆಂಪು ಔಷಧ ಎಷ್ಟು ಸಲ ಕೊಟ್ಟಿದ್ರು? ರೋಗ ಹೋದ ಮ್ಯಾಲೂ, ಇಪ್ಪತ್ತು ವರ್ಷಕ್ಕೂ ಆ ಔಷಧ ಹೃದಯಕ್ಕ ಕಾಟ ಕೊಡಬಹುದು. ಲೆಕ್ಕ ಗೊತ್ತಾದ್ರ ಹೆರಿಗಿ ತನಕ ಎಷ್ಟು ಎಚ್ಚರ ಇರಬೇಕು ಅಂತ ಹೇಳ್ತೇನಿ."

ಬ್ರಾಹ್ಮಿ ತಾಯಿ ಮಾಣಿಕಬಾಯಿಯ ಕಡೆ ತಿರುಗಿದಳು. ಔಷಧ ಕೊಟ್ಟ ಆಸ್ಪತ್ರೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿದ್ದ ಕಾಗದಗಳನ್ನು, ಬೀಗರ ಕಣ್ಣಿಗೆ ಬೀಳಬಾರದೆಂದು, ಮದುವೆಗೆ ಮುಂಚೆ ಮಾಣಿಕಬಾಯಿಯೇ ಒಲೆಗೆ ಹಾಕಿದ್ದಳು. ಎಂಥ ಜಾಣತನ! ಬ್ರಾಹ್ಮಿಗೆ ಸಿಟ್ಟು ನೆತ್ತಿಗೇರಿತು.

"ಈಗ ಏನ್ ಹೇಳ್ತಿ ಅವ್ವಾ? ಹೇಳು!"

"ಏಳು ಸಲರಿ," ಎಂದಳು ಮಾಣಿಕಬಾಯಿ, ಡಾಕ್ಟರಿಗೆ.

"ಅಂದಾಜಾ?"

"ಅಂದಾಜ ಯಾಕರಿ? ಕೆಂಪು ಬಾಟ್ಲಿ ಏರಿಸಿದಾಗೆಲ್ಲಾ ಬಸದಿಗೆ ಹೋಗಿ ಒಂದೊಂದು ನೇಮ ತಗೋತಿದ್ದೆ. ಒಂದೊಂದು ತಿನ್ನೂದು ಬಿಟ್ಟೆ. ಮೊದಲ್ನೇದಕ್ಕ ಮಾವಿನಹಣ್ಣು. ಆಮ್ಯಾಲ ಬೆಲ್ಲ. ಮೂರನೇ ಸಲ ಈಕಿ ಬಾಳ ವಾಂತಿ ಮಾಡ್ಕೊಂಡ್ಲು, ಅದಕ್ಕ ಶ್ರೀಖಂಡ..."

ತುಪ್ಪ, ದಾಳಿಂಬೆ, ಗೋಡಂಬಿ. ಒಂದೊಂದಕ್ಕೂ ತಿಂಗಳು, ತಿಥಿ ಸಮೇತ ಹೇಳಿದಳು. ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. "ಕಡೀದು ಚಹಾ. ಅದೊಂದು ತ್ರಾಸ ಆತು ನೋಡ್ರಿ."

ಅವ್ವನ ನಾಲಗೆಗೆ ಏನೂ ಹಿಡಿಸುವುದಿಲ್ಲ, ಮದುವೆಮನೆಯಲ್ಲೂ ಎಲೆಯ ಮುಂದೆ ಕೂತು ಮೂತಿ ತಿರುಗಿಸುತ್ತಾಳೆ ಎಂದು ಬ್ರಾಹ್ಮಿಯೇ ಎಷ್ಟು ಸಲ ಆಡಿಕೊಂಡಿದ್ದಳು! ಹದಿನೆಂಟು ವರ್ಷ ಒಂದು ಮಾತಿಲ್ಲದೆ ಇಷ್ಟನ್ನು ಬಿಟ್ಟು ಕೂತ ಈ ಕುಳ್ಳ ಹೆಂಗಸನ್ನು ಅವಳು ಬೆರಗಾಗಿ ನೋಡಿದಳು. ಸಿಟ್ಟು ಎತ್ತ ಹೋಯಿತೋ ತಿಳಿಯಲಿಲ್ಲ.

ಆಮೇಲೆ ಯಂತ್ರದ ಪರದೆಯ ಮೇಲೆ ಬ್ರಾಹ್ಮಿಯ ಹೃದಯ ಮೂಡಿತು. ಬೂದು ಬಣ್ಣದ ಪುಟ್ಟ ಬಾಗಿಲುಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಮಾಣಿಕಬಾಯಿ ಚಪ್ಪಲಿ ಕಳಚಿ, ಕೈಮುಗಿದು ನಿಂತಳು.

"ಏಳಂದ್ರ ಅಷ್ಟು ಜಾಸ್ತಿ ಅಲ್ಲ. ಹೃದಯ ಚಲೋ ಐತಿ," ಎಂದರು ಡಾಕ್ಟರು. "ಈ ದಮ್ಮು ರಕ್ತ ಕಮ್ಮಿ ಆಗಿದ್ದಕ್ಕ. ಆದ್ರೂ ಹೆರಿಗಿ ತನಕ ತಿಂಗಳಾ ಬರ್ರಿ. ಆಮ್ಯಾಲೂ ಬಿಡಬ್ಯಾಡ್ರಿ, ಜೀವ ಇರೋ ತನಕ ತೋರಿಸ್ಕೋತ ಇರಬೇಕು."

ಹೊರಗೆ ಗಾಡಿಯವನ ಹತ್ತಿರ ಬ್ರಾಹ್ಮಿ ಎರಡು ಕಪ್ ಚಹಾ ತಗೊಂಡಳು. "ಎಲ್ಲಾ ಚಲೋ ಐತಿ ಅಂದ್ರಲ್ಲವ್ವಾ. ನೇಮ ಸಾಕಿನ್ನ. ಕುಡಿ."

ಮಾಣಿಕಬಾಯಿ ಕಪ್ಪನ್ನು ಮುಟ್ಟಲಿಲ್ಲ. "ನಿಂಗ ಜೀವ ಇರೋ ತನಕ ಅಂದಾರ," ಎಂದಳು. "ನಂದಷ್ಟ ಹೆಂಗ ಮುಗೀತೈತಿ?"